ಸಪೂರಣ್ಣನೂ ತೋರಣ್ಣನೂ

ಪ್ರತಿ ಭಾನುವಾರ ನಮ್ಮ ಮನೆಗೆ ಮಧ್ಯಾಹ್ನದ ಊಟಕ್ಕೆ ಇಬ್ಬರು ಹೆವಿವೇಯ್ಟ್ ಬಾಕ್ಸಿಂಗ್ ಚಾಂಪಿಯನ್ನರು ಬರುತ್ತಾರೆ. ಅವರಿಗೆ ತಟ್ಟೆ ಇಡಬೇಕಾಗಿಲ್ಲ, ಕೈತೊಳೆಯಲು ನೀರು ಕೊಡಬೇಕಾಗಿಲ್ಲ. ಆದರೆ ಅವರು ಬಂದರೆಂದರೆ ಸಾರು ಆರುತ್ತದೆ, ಮೀನಿನ ಮುಳ್ಳು ಗಂಟಲಿಗೆ ಸಿಕ್ಕುತ್ತದೆ, ಅನ್ನ ಬಡಿಸಲೇ ಎಂದು ನಾನು ಕೇಳಿದ್ದು ಯಾರ ಕಿವಿಗೂ ಬೀಳುವುದಿಲ್ಲ. ಒಬ್ಬನ ಹೆಸರು ಸಪೂರಣ್ಣ, ಇನ್ನೊಬ್ಬನ ಹೆಸರು ತೋರಣ್ಣ. ಬಾಕ್ಸಿಂಗಿನ ಯಾವ ದಾಖಲೆಯಲ್ಲೂ ಈ ಹೆಸರುಗಳು ನಿಮಗೆ ಸಿಗುವುದಿಲ್ಲ. ನಮ್ಮ ಕಡೆ ತೆಳ್ಳಗಿದ್ದವರನ್ನು ಸಪೂರ ಎನ್ನುತ್ತೇವೆ, ದಪ್ಪಗಿದ್ದವರನ್ನು ತೋರ ಎನ್ನುತ್ತೇವೆ. ಈ ನಾಮಕರಣ ಮಾಡಿದವಳು ನನ್ನ ಅಮ್ಮ.

ನನಗೆ ಬಾಕ್ಸಿಂಗ್ ಎಂದರೆ ಅಷ್ಟಕ್ಕಷ್ಟೇ. ಯಾವ ದ್ವೇಷವೂ ಇಲ್ಲದ ಇಬ್ಬರು ಗಂಡಸರು ಚಡ್ಡಿ ಹಾಕಿಕೊಂಡು ಮುಖಮುಖ ಗುದ್ದಿಕೊಳ್ಳುವುದು, ಕೊನೆಗೆ ಬಹಳ ಬೇಕಾದವರ ಹಾಗೆ ತಬ್ಬಿಕೊಂಡು ಅಳುವುದು ಯಾಕೆಂದು ನನಗೆ ಇಂದಿಗೂ ತಿಳಿದಿಲ್ಲ. ಆದರೆ ಹೋಲಿಕೆ ಎಂದರೆ ನನಗೆ ಪ್ರಾಣ. ಉಡುಪಿಯ ಕಾಲೇಜೊಂದರಲ್ಲಿ ವರ್ಷಗಟ್ಟಲೆ ಅಲಂಕಾರಶಾಸ್ತ್ರ ಹೇಳಿಕೊಟ್ಟ ಪರಿಣಾಮವೋ ಏನೋ, ಎರಡು ವಸ್ತು ಒಟ್ಟಿಗೆ ಕಂಡರೆ ತೂಗಿ ನೋಡದೆ ನನಗೆ ಸಮಾಧಾನವಿಲ್ಲ. ನಮ್ಮ ಅಂಗಳದ ಕರಿಬೇವನ್ನು ನೆರೆಮನೆಯ ಕರಿಬೇವಿಗೆ ಹೋಲಿಸುತ್ತೇನೆ, ಕಲ್ಯಾಣಪುರದ ನನ್ನ ನಾದಿನಿಯ ಸಾರನ್ನು ನನ್ನ ಸಾರಿಗೆ ಹೋಲಿಸುತ್ತೇನೆ. ಎರಡನೆಯದರಲ್ಲಿ ತೀರ್ಪು ಮೊದಲೇ ಆಗಿರುತ್ತದೆ ಎಂಬುದು ಬೇರೆ ಮಾತು. ಆದ್ದರಿಂದ ಬಾಕ್ಸಿಂಗ್ ಬೇಡವಾದರೂ ಆ ಇಬ್ಬರು ಚಾಂಪಿಯನ್ನರ ವಿಚಾರಣೆಗೆ ನಾನು ಕಾಯಂ ನ್ಯಾಯಾಧೀಶೆ. ಆ ವಿಚಾರಣೆಯಲ್ಲಿ ನನ್ನ ತೀರ್ಪನ್ನು ಮಾತ್ರ ಯಾರೂ ಈವರೆಗೆ ಕೇಳಿಲ್ಲ.

ಸಪೂರಣ್ಣನ ವಕೀಲರು ನನ್ನ ಯಜಮಾನರು, ಕಾರ್ಕಳದವರು. ತೋರಣ್ಣನ ವಕೀಲ ನನ್ನ ಸ್ವಂತ ಅಣ್ಣ, ಕಾಪುವಿನಲ್ಲಿ ದೀಪಸ್ತಂಭಕ್ಕೆ ಹತ್ತಿರದಲ್ಲೇ ಮನೆ. ಭಾವಂದಿರಿಬ್ಬರೂ ಒಬ್ಬರನ್ನೊಬ್ಬರು 'ಭಾವ' ಎಂದೇ ಕರೆಯುತ್ತಾರೆ. ಹಾಗಾಗಿ ಜಗಳ ಎಷ್ಟೇ ಏರಿದರೂ ಹೊರಗಿನಿಂದ ಕೇಳುವವರಿಗೆ ಮರ್ಯಾದಸ್ಥರ ಮನೆಯೆಂದೇ ಅನ್ನಿಸುತ್ತದೆ.

ಕತೆ ಶುರುವಾದದ್ದು ನನ್ನ ಮದುವೆಯ ಹೊಸತರಲ್ಲಿ. ಅಣ್ಣ ಗಲ್ಫಿಗೆ ಹೋಗಿ ಮೂರು ವರ್ಷ ಕಳೆದಿತ್ತು. ಮೊದಲ ರಜೆಗೆ ಬಂದವನು ಸೆಂಟು, ಟಾರ್ಚು, ಹೂವಿನ ಚಿತ್ರದ ಕಂಬಳಿಗಳ ಜೊತೆಗೆ ಒಂದು ವಿಸಿಆರನ್ನೂ ಎರಡು ಬಾಕ್ಸಿಂಗ್ ಕ್ಯಾಸೆಟ್ಟುಗಳನ್ನೂ ತಂದಿದ್ದ. ಅಲ್ಲಿನ ಟೀವಿಯಲ್ಲಿ ಬಂದದ್ದನ್ನು ಯಾರೋ ಹಿಡಿದುಕೊಂಡಿದ್ದ ಕ್ಯಾಸೆಟ್ಟುಗಳವು. ಮೇಲಿನ ಚೀಟಿ ಅರಬ್ಬಿ, ಪರದೆಯ ಕೆಳಗೆ ಬರುವ ಅಕ್ಷರ ಅರಬ್ಬಿ, ಹಿಂದಿನಿಂದ ಕೇಳುವ ವಿವರಣೆಯೂ ಅರಬ್ಬಿ. ಒಂದರಲ್ಲಿ ತಲೆತುಂಬ ಕೂದಲಿನ, ಸಣಕಲೆಂದೇ ಹೇಳಬಹುದಾದ ಒಬ್ಬ ಉದ್ದನೆಯ ಹುಡುಗ ಹಾರಿ ಹಾರಿ ಹೊಡೆದು ಚಾಂಪಿಯನ್ ಆಗುತ್ತಾನೆ. ಇನ್ನೊಂದರಲ್ಲಿ ಬೋಳುತಲೆಯ, ಗಡ್ಡದ, ಚಡ್ಡಿಯ ಮೇಲೆ ಹೊಟ್ಟೆ ಮಡಚಿ ಕೂತ ಒಬ್ಬ ನಿಂತಲ್ಲೇ ನಿಂತು, ಎದುರಾಳಿ ಸುಸ್ತಾಗುವವರೆಗೆ ಪೆಟ್ಟು ತಿಂದು, ಕೊನೆಗೆ ಒಂದೇ ಒಂದು ಕೊಟ್ಟು ಚಾಂಪಿಯನ್ ಆಗುತ್ತಾನೆ. ಬೀಡಿ ಕಟ್ಟುತ್ತ ನೋಡುತ್ತಿದ್ದ ಅಮ್ಮ ಮೊದಲನೆಯವನಿಗೆ ಸಪೂರಣ್ಣ ಎಂದಳು, ಎರಡನೆಯವನಿಗೆ ತೋರಣ್ಣ ಎಂದಳು. ಆಮೇಲೆ, ಇಬ್ಬರಿಗೂ ಹೊಡೆಯುವ ಮುಂಚೆ ಎಡಗೈಯಲ್ಲಿ ಮೂಗು ಒರೆಸುವ ಚಾಳಿ ಉಂಟಲ್ಲ, ಒಂದೇ ಮನೆಯವರೋ ಏನೋ ಎಂದಳು. ಬಾಕ್ಸಿಂಗಿನಲ್ಲಿ ಎಲ್ಲರೂ ಮೂಗು ಒರೆಸುತ್ತಾರೆ ಎಂದು ಅಳಿಯನೂ ಮಗನೂ ಒಟ್ಟಿಗೆ ಹೇಳಿದರು. ಆ ವಿಷಯದಲ್ಲಿ ಅವರಿಬ್ಬರೂ ಒಮ್ಮತಕ್ಕೆ ಬಂದದ್ದು ಅದೇ ಮೊದಲು, ಅದೇ ಕೊನೆ.

ಇಲ್ಲಿ ಒಂದು ಸಣ್ಣ ವಿವರ ಹೇಳಲೇಬೇಕು. ಗಲ್ಫಿನಲ್ಲಿರುವವನಿಗೆ ಅರಬ್ಬಿ ಬರುತ್ತದೆಂದು ಇಡೀ ಊರು ನಂಬಿತ್ತು, ಅಣ್ಣನೂ ಅಲ್ಲಗಳೆದಿರಲಿಲ್ಲ. ವಾಸ್ತವದಲ್ಲಿ ಅವನು ಅಲ್ಲಿ ಮಲಯಾಳಿಗಳ ನಡುವೆ ಇದ್ದು ಚೆನ್ನಾಗಿ ಕಲಿತದ್ದು ಮಲಯಾಳ. ಹೊಸ ಅಳಿಯ ಕುತೂಹಲದಿಂದ, ಭಾವ, ಅವನು ಎಂತ ಹೇಳುವುದು ಎಂದು ಕೇಳಿದರು. ಚೆನ್ನಾಗಿ ಹೊಡೆದ ಅಂತ ಹೇಳ್ತಾನೆ ಎಂದ ಅಣ್ಣ. ಇಷ್ಟು ಉದ್ದ ಮಾತಿಗೆ ಅಷ್ಟೇ ಅರ್ಥವಾ ಎಂದು ಇವರು ಮತ್ತೆ ಕೇಳಿದರು. ಅಣ್ಣ ಎದ್ದು ಹೋಗಿ, ಈ ಕ್ಯಾಸೆಟ್ಟಿನ ಸೌಂಡು ಸರಿ ಇಲ್ಲ ಎಂದು ಟೀವಿಯ ಧ್ವನಿ ಪೂರ್ತಿ ಇಳಿಸಿಬಿಟ್ಟ. ಅಂದಿನಿಂದ ನಮ್ಮ ಮನೆಯಲ್ಲಿ ಬಾಕ್ಸಿಂಗನ್ನು ಧ್ವನಿಯಿಲ್ಲದೆ ನೋಡುವುದೇ ಸಂಪ್ರದಾಯವಾಯಿತು. ವಿವರಣೆಯನ್ನು ಭಾವಂದಿರೇ ಹೇಳಿಕೊಳ್ಳುತ್ತಿದ್ದರು. ಮನೆಯಲ್ಲಿ ಆಡುವುದು ತುಳುವಾದರೂ ಬಾಕ್ಸಿಂಗ್ ಬಂತೆಂದರೆ ಇಬ್ಬರೂ ಕನ್ನಡಕ್ಕೆ ಏರುತ್ತಿದ್ದರು. ತಾಳಮದ್ದಳೆಯಲ್ಲಿ ಅರ್ಥ ಹೇಳುವವರನ್ನು ಕೇಳಿ ಬೆಳೆದವರು ನೋಡಿ, ಗಂಭೀರವಾದ ಜಗಳಕ್ಕೆ ಗ್ರಂಥಸ್ಥ ಭಾಷೆಯೇ ಬೇಕು.

ಎಲ್ಲರಿಗೂ ಗೊತ್ತಿರುವ ದೊಡ್ಡ ದೊಡ್ಡ ಚಾಂಪಿಯನ್ನರ ಬಗ್ಗೆ ಇವರಿಗೆ ಆಸಕ್ತಿಯಿಲ್ಲ. ಅವರ ಬಗ್ಗೆ ಮಾತಾಡಲು ಲೋಕವೇ ಉಂಟು, ನಾವು ಮಾತಾಡಬೇಕಾದ್ದು ಲೋಕ ಮರೆತವರ ಬಗ್ಗೆ ಎಂಬುದು ಇಬ್ಬರ ನಿಲುವು. ಎರಡು ದೊಡ್ಡ ಹೆಸರುಗಳ ನಡುವೆ ಸಿಕ್ಕಿ, ಸ್ವಲ್ಪ ಕಾಲ ಪಟ್ಟದಲ್ಲಿದ್ದು, ಯಾರ ಬಾಯಲ್ಲೂ ಉಳಿಯದೆ ಹೋದವರ ಮೇಲೆ ಇವರಿಗೆ ಯಾಕಷ್ಟು ಮಮತೆ ಎಂದು ನಾನು ಯೋಚಿಸಿದ್ದೇನೆ. ನಮ್ಮ ಯಜಮಾನರು ಸೇವೆಯ ಉದ್ದಕ್ಕೂ 'ಉಪ' ಆಗಿ, ನಿವೃತ್ತಿಯ ಮುಂಚೆ ಕೆಲವು ತಿಂಗಳು 'ಪ್ರಭಾರ' ಆಗಿ, ಹಾರ ಹಾಕಿಸಿಕೊಂಡು ಮನೆಗೆ ಬಂದವರು. ಅಣ್ಣನೋ, ಅಲ್ಲಿ ಊರವನಾಗದೆ, ಇಲ್ಲಿ ರಜೆಯಲ್ಲಿ ಬಂದ ನೆಂಟನಾಗಿ, ಅರ್ಧ ಆಯುಷ್ಯ ಕಳೆದು ಊರಿಗೆ ಮರಳಿದವನು. ಇವರು ಚಾಂಪಿಯನ್ನರ ಪರವಾಗಿ ಲೋಕದ ಮೇಲೆ ಹೂಡಿದ ದಾವೆಯಲ್ಲಿ ಇವರದ್ದೂ ಒಂದಿಷ್ಟು ಅಹವಾಲು ಸೇರಿತ್ತೆಂದು ನನ್ನ ಗುಮಾನಿ.

ದಾವೆಯ ಮುಖ್ಯ ಪ್ರಶ್ನೆ ಒಂದೇ. ಇಷ್ಟು ಸಮರ್ಥರಾದ ಇವರಿಬ್ಬರು ಪರಸ್ಪರ ಎದುರಾಗಲಿಲ್ಲ ಯಾಕೆ? ತೋರಣ್ಣ ಹೆದರಿದ ಎಂದು ಯಜಮಾನರು. ಸಪೂರಣ್ಣ ಸಿಗಲೇ ಇಲ್ಲ, ತೋರಣ್ಣ ಬರುತ್ತಾನೆಂದು ಗೊತ್ತಾದ ಕೂಡಲೇ ಮಾಯವಾದ ಎಂದು ಅಣ್ಣ. ಅಲ್ಲಿನ ರಾಜಕೀಯ, ವ್ಯವಸ್ಥಾಪಕರ ಪಿತೂರಿ, ಟೀವಿಯವರ ಕೈವಾಡ, ಎಲ್ಲವೂ ನಮ್ಮ ಊಟದ ಮೇಜಿನ ಮೇಲೆ ಬಿಚ್ಚಿಕೊಂಡವು. ಮೊಬೈಲು ಬಂದ ಮೇಲೆ ಯಜಮಾನರು ಹುಡುಕಿಯೂ ನೋಡಿದರು. ಹೆಸರೇ ಗೊತ್ತಿಲ್ಲದೆ ಹುಡುಕುವುದು ಹೇಗೆ? 'ದಪ್ಪ, ಬೋಳು, ಚಾಂಪಿಯನ್' ಎಂದು ಇಂಗ್ಲಿಷಿನಲ್ಲಿ ಹಾಕಿದರು. ಅಂದಿನಿಂದ ಅವರ ಮೊಬೈಲಿಗೆ ಹೊಟ್ಟೆ ಕರಗಿಸುವ ಮತ್ತು ಕೂದಲು ನೆಡುವ ಜಾಹೀರಾತುಗಳು ಬಿಡದೆ ಬರುತ್ತಿವೆ.

ಬರಬೇಕಾದ್ದೇ ಎನ್ನಿ. ಸಪೂರಣ್ಣನ ವಕೀಲಿಕೆ ಹಿಡಿದಾಗ ಯಜಮಾನರೂ ಸಪೂರವೇ ಇದ್ದರು. ಈಗ ಅವರು ಸೋಫಾದಿಂದ ಏಳಬೇಕಾದರೆ ಮೊದಲು ಒಂದು ನಿರ್ಧಾರ ಮಾಡಬೇಕಾಗುತ್ತದೆ. ಆಗ ಗುಂಡುಗುಂಡಗಿದ್ದ ಅಣ್ಣ ಸಕ್ಕರೆ ಕಾಯಿಲೆ ಬಂದು, ಅಂಗಿಯೊಳಗೆ ತಾನಿದ್ದೇನೋ ಇಲ್ಲವೋ ಎನ್ನುವಷ್ಟು ಇಳಿದಿದ್ದಾನೆ. ಈಗ ತೋರದವರು ಸಪೂರಣ್ಣನ ಪರ ಬೆವರುತ್ತಾರೆ, ಸಪೂರದವನು ತೋರಣ್ಣನ ಪರ ಎದೆ ತಟ್ಟುತ್ತಾನೆ. ಕಕ್ಷಿದಾರರನ್ನು ಬದಲಾಯಿಸಿಕೊಂಡರೆ ಇಬ್ಬರಿಗೂ ಒಪ್ಪುತ್ತಿತ್ತು ಎಂದು ಒಮ್ಮೆ ಹೇಳಿದೆ. ಇಬ್ಬರೂ ಸೇರಿ ನನ್ನನ್ನು ಅಡುಗೆಮನೆಗೆ ಕಳಿಸಿದರು.

ಹೀಗೆ ನಡೆದುಕೊಂಡು ಹೋಗುತ್ತಿದ್ದ ದಾವೆ ಕಳೆದ ವರ್ಷ ಒಂದು ಭಾನುವಾರ ದಾರಿ ತಪ್ಪಿತು. ತೋರಣ್ಣನ ಹೇಡಿತನವನ್ನು ವರ್ಣಿಸುತ್ತ ಯಜಮಾನರು ಮಾತಿನ ಭರದಲ್ಲಿ, "ಊರು ಬಿಟ್ಟು ಓಡಿದವರಿಗೆ ಓಡಿದವನೇ ಚಾಂಪಿಯನ್ ಭಾವ, ಅದರಲ್ಲಿ ಆಶ್ಚರ್ಯ ಎಂತದು" ಎಂದುಬಿಟ್ಟರು. ಅಣ್ಣ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಅಮ್ಮ ಹೋದಾಗ ರಜೆ ಸಿಗದೆ, ಉತ್ತರಕ್ರಿಯೆಯ ಬೊಜ್ಜಕ್ಕೂ ಬಂದು ಮುಟ್ಟಲಾಗದವನು ಅವನು. ಯಜಮಾನರ ಮನಸ್ಸಿನಲ್ಲಿ ಅದು ಇರಲಿಲ್ಲವೆಂದು ನನಗೆ ಗೊತ್ತು, ಆದರೆ ಪೆಟ್ಟು ಬಿದ್ದದ್ದು ಅಲ್ಲಿಗೇ. ಅಣ್ಣ ಕೈತೊಳೆದು, ಹೆಲ್ಮೆಟ್ ತೆಗೆದುಕೊಂಡು, ಪಾಯಸ ಮುಟ್ಟದೆ ಸ್ಕೂಟರ್ ಹತ್ತಿ ಹೋದ.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಕಾಪುವಿನಿಂದ ಪರ್ಕಳದ ನಮ್ಮ ಮನೆಗೆ ಬರುವಾಗ ಅವನು ತರುತ್ತಿದ್ದ ಮೀನೂ ಬರಲಿಲ್ಲ. ನಾವಿಬ್ಬರೇ ಕೂತು ಸೌತೆಕಾಯಿ ಸಾಂಬಾರು ಉಂಡೆವು. ಯಜಮಾನರು ಗೇಟಿನ ಸದ್ದಿಗೆ ಕಿವಿ ಕೊಟ್ಟು, ಯಾರೂ ಅಲ್ಲವೆಂದು ತಿಳಿದಾಗ ಸಾಂಬಾರಿಗೆ ಉಪ್ಪು ಕಡಿಮೆ ಎನ್ನುತ್ತಿದ್ದರು. ಫೋನ್ ಮಾಡಿ ಎಂದರೆ, ನಾನು ಹೇಳಿದ್ದು ತೋರಣ್ಣನಿಗೆ ಎಂದರು. ಅಣ್ಣನಿಗೆ ನಾನೇ ಫೋನ್ ಮಾಡಿದರೆ, ಸ್ಕೂಟರ್ ಸರಿ ಇಲ್ಲ ಎಂದ. ನನಗೆ ನಗು ಬರಲಿಲ್ಲ. ಅಮ್ಮ ಹೋದ ಮೇಲೆ ತವರೆಂದು ನನಗೆ ಉಳಿದಿರುವುದು ಈ ಒಬ್ಬ ಅಣ್ಣ. ಆ ತವರು ಭಾನುವಾರಕ್ಕೊಮ್ಮೆ ಮೀನಿನ ಚೀಲ ಹಿಡಿದು ತಾನಾಗಿ ನನ್ನ ಮನೆ ಬಾಗಿಲಿಗೆ ಬರುತ್ತಿತ್ತು. ಯಾರೋ ಹೆಸರು ಗೊತ್ತಿಲ್ಲದ ಇಬ್ಬರು ಗುದ್ದಾಳುಗಳಿಂದ ಅದು ತಪ್ಪಿಹೋಗುವುದು ನನ್ನಿಂದ ಸಹಿಸಲಾಗಲಿಲ್ಲ.

ಆಗ ಕ್ಯಾಸೆಟ್ಟುಗಳ ನೆನಪಾಯಿತು. ಅಮ್ಮನ ಪೆಟ್ಟಿಗೆಯ ಜೊತೆಗೆ ನನ್ನಲ್ಲಿಗೆ ಬಂದು ಅಟ್ಟದ ಮೇಲಿದ್ದವು. ವಿಸಿಆರ್ ಹಾಳಾಗಿ ಎಷ್ಟೋ ಕಾಲವಾದ್ದರಿಂದ ಯಾರೂ ಅವನ್ನು ಮತ್ತೆ ನೋಡಿರಲಿಲ್ಲ. ಮಣಿಪಾಲದ ಸ್ಟುಡಿಯೋ ಒಂದರಲ್ಲಿ ಹಳೆಯ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಡುತ್ತಾರೆಂದು ಗೊತ್ತಿತ್ತು. ಹಾಕಿಸಿ ಅಣ್ಣನಿಗೆ ಕೊಟ್ಟರೆ ಮನಸ್ಸು ಕರಗೀತೆಂದು ಲೆಕ್ಕ ಹಾಕಿದೆ. ಪೆನ್‌ಡ್ರೈವ್ ತಂದ ದಿನ ಯಜಮಾನರು ಕಾರ್ಕಳಕ್ಕೆ ಹೋಗಿದ್ದರು. ಸರಿಯಾಗಿ ಬಂದಿದೆಯೋ ನೋಡೋಣವೆಂದು ಟೀವಿಗೆ ಚುಚ್ಚಿ, ಕೈಗೆ ಹೊಲಿಗೆ ತೆಗೆದುಕೊಂಡು ಕೂತೆ. ಧ್ವನಿ ಇಳಿಸಬೇಕೆಂಬ ಸಂಪ್ರದಾಯ ನೆನಪಾಗಲಿಲ್ಲ.

ಹೊಲಿಗೆಯ ಮೇಲೆ ಕಣ್ಣಿಟ್ಟಿದ್ದರಿಂದಲೇ ಕಿವಿ ಕೆಲಸ ಮಾಡಿತು. ವಿವರಣೆಗಾರ ಹಗ್ಗ ಹರಿದವನ ಹಾಗೆ ಕೂಗುತ್ತಿದ್ದ, ಒಂದು ಶಬ್ದ ಮಾತ್ರ ಮತ್ತೆ ಮತ್ತೆ ಬರುತ್ತಿತ್ತು. ಅರಬ್ಬಿ ಬಾರದಿದ್ದರೇನು, ಹೆಸರು ಹೆಸರೇ. ಸಪೂರಣ್ಣನ ನಿಜನಾಮ ಇದಾಗಿರಬೇಕು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಎರಡನೆಯ ಪಂದ್ಯ ಶುರುವಾಯಿತು. ವಿವರಣೆಗಾರ ಬೇರೆ, ಕೂಗು ಬೇರೆ. ಹೆಸರು ಅದೇ! ತಲೆಯೆತ್ತಿ ನೋಡಿದೆ. ತೋರಣ್ಣ ಎಡಗೈ ಎತ್ತಿ ಮೂಗು ಒರೆಸಿಕೊಂಡ. ಸೂಜಿ ಚುಚ್ಚಿಕೊಂಡೆ.

ಕೇಳಿಸಿದ ಹಾಗೆ ಆ ಹೆಸರನ್ನು ಮೊಬೈಲಿಗೆ ಹೇಳಿದೆ. ನಾಲ್ಕೈದು ಸಲ ತಪ್ಪಿ, ಆಮೇಲೆ ಒಬ್ಬ ಮನುಷ್ಯ ಬಂದ. ಒಂದು ಚಿತ್ರದಲ್ಲಿ ಸಪೂರ, ಇನ್ನೊಂದರಲ್ಲಿ ತೋರ. ಚಿಕ್ಕ ಪ್ರಾಯದಲ್ಲಿ ಪಟ್ಟ ಗೆದ್ದು, ಕಳೆದುಕೊಂಡು, ಎಲ್ಲೋ ಮರೆಯಾಗಿದ್ದು, ಹತ್ತು ವರ್ಷಗಳ ಮೇಲೆ ಬೊಜ್ಜು ಬೆಳೆಸಿಕೊಂಡು ತಲೆ ಬೋಳಿಸಿಕೊಂಡು ಬಂದು ಮತ್ತೆ ಪಟ್ಟ ಗೆದ್ದವನಂತೆ. ನಮ್ಮ ಮನೆಯಲ್ಲಿ ಇಷ್ಟು ಕಾಲ ಒಬ್ಬನೇ ಮನುಷ್ಯ ತನಗೆ ತಾನೇ ಹೆದರಿದ ಆರೋಪ ಹೊತ್ತುಕೊಂಡಿದ್ದ.

ಅಲಂಕಾರಶಾಸ್ತ್ರದಲ್ಲಿ ಇದಕ್ಕೊಂದು ಹೆಸರಿದೆ, ಅನನ್ವಯ. ಉಪಮೆಗೆ ಎರಡು ವಸ್ತು ಬೇಕು, ಮುಖ ಮತ್ತು ಚಂದ್ರನ ಹಾಗೆ. ರೂಪಕದಲ್ಲಿ ಎರಡನ್ನೂ ಒಂದೇ ಎನ್ನುತ್ತೇವೆ. ಅನನ್ವಯದಲ್ಲಿ ಇರುವುದೇ ಒಂದು, ಹೋಲಿಸಲು ಲೋಕದಲ್ಲಿ ಬೇರೇನೂ ಸಿಗದೆ ಅದನ್ನು ಅದಕ್ಕೇ ಹೋಲಿಸುವುದು. ಪ್ರತಿ ವರ್ಷ ಈ ಪಾಠಕ್ಕೆ ಬಂದಾಗ ಮಕ್ಕಳು, ಇದೆಂತ ಮೇಡಂ, ಹೀಗೆ ಯಾರು ಹೋಲಿಸ್ತಾರೆ ಎಂದು ನಗುತ್ತಿದ್ದರು. ನನ್ನಲ್ಲೂ ಒಳ್ಳೆಯ ಉದಾಹರಣೆ ಇರಲಿಲ್ಲ. ಉದಾಹರಣೆ ನನ್ನದೇ ಊಟದ ಮೇಜಿನಲ್ಲಿ ಬಂಗುಡೆ ತಿನ್ನುತ್ತ ಕೂತಿತ್ತು.

ಈಗ ಹೇಳುವುದೋ ಬಿಡುವುದೋ? ಹೇಳಿದರೆ ದಾವೆ ವಜಾ. ಆಮೇಲೆ ಈ ಇಬ್ಬರು ಭಾನುವಾರ ಕೂತು ಮಾತಾಡುವುದು ಯಾವುದರ ಬಗ್ಗೆ? ಒಬ್ಬರ ಬಿಪಿ, ಇನ್ನೊಬ್ಬರ ಸಕ್ಕರೆ. ಅವರ ನಡುವೆ ಬೇರೆ ಭಾಷೆಯೇ ಇಲ್ಲ. ಹೇಳದಿದ್ದರೆ ಅಣ್ಣ ಬರುವುದಿಲ್ಲ. ಜಗಳ ಕಳೆದರೂ ನಷ್ಟ, ಉಳಿದರೂ ನಷ್ಟ. ಎರಡು ದಿನ ಈ ಸತ್ಯವನ್ನು ಒಬ್ಬಳೇ ಇಟ್ಟುಕೊಂಡು ಒಳಗೊಳಗೇ ನಕ್ಕೆ, ಒಳಗೊಳಗೇ ಹೆದರಿದೆ. ಕೊನೆಗೆ ಶನಿವಾರ ಅಣ್ಣನಿಗೆ ಫೋನ್ ಮಾಡಿದೆ. ಸಪೂರಣ್ಣನೂ ತೋರಣ್ಣನೂ ಒಟ್ಟಿಗೆ ಇರುವ ವಿಡಿಯೋ ಸಿಕ್ಕಿದೆ, ಯಾರು ಯಾರಿಗೆ ಹೆದರಿದರು ಎಂಬುದು ಅದರಲ್ಲಿ ಗೊತ್ತಾಗುತ್ತದೆ ಎಂದೆ. ಇದರಲ್ಲಿ ಒಂದು ಶಬ್ದವೂ ಸುಳ್ಳಲ್ಲ ಎಂಬುದನ್ನು ನೀವು ಗಮನಿಸಬೇಕು.

"ಮೀನು ಎಂತ ತರಬೇಕು, ಮಾರಾಯ್ತಿ?" ಎಂದ ಅಣ್ಣ.

ಭಾನುವಾರ ಸರಿಯಾಗದ ಸ್ಕೂಟರ್ ಸರಿಯಾದ ಹೊತ್ತಿಗೆ ಗೇಟಿಗೆ ಬಂತು. ಭಾವಂದಿರು ಮುಖ ನೋಡಿಕೊಳ್ಳದೆ ಮಳೆ, ಬಿಸಿಲು, ಹೆದ್ದಾರಿ ಕೆಲಸಗಳ ಬಗ್ಗೆ ನನ್ನ ಮೂಲಕ ಮಾತಾಡಿದರು. ಊಟಕ್ಕೆ ಮೊದಲೇ ಟೀವಿ ಹಾಕಿದೆ. ಅಣ್ಣನ ಕೈ ಅಭ್ಯಾಸಬಲದಿಂದ ರಿಮೋಟಿಗೆ ಹೋಯಿತು, ನಾನು ಅದನ್ನು ಸೆರಗಿನಲ್ಲಿ ಇಟ್ಟುಕೊಂಡೆ. ಮೊದಲ ಪಂದ್ಯ ಧ್ವನಿಸಹಿತ ಮುಗಿಯಿತು. ಎರಡನೆಯದು ಶುರುವಾಗಿ ಸ್ವಲ್ಪ ಹೊತ್ತಿಗೆ ಯಜಮಾನರು ಕತ್ತು ಉದ್ದ ಮಾಡಿ, ಇವನು ಕೂಡ ಅದೇ ಹೇಳ್ತಾನಲ್ಲ, ಎಂತ ಭಾವ ಅದು ಎಂದು ಕೇಳಿದರು. ಅಣ್ಣ ಬೆವರೊರೆಸಿಕೊಂಡು, ಅರಬ್ಬಿಯಲ್ಲಿ ಅದಕ್ಕೆ 'ಹೊಡೆ' ಅಂತ ಅರ್ಥ ಎಂದ. ನಾನು ಕೆಮ್ಮಿದೆ. ಅಷ್ಟರಲ್ಲಿ ಪರದೆಯ ಮೇಲೆ ತೋರಣ್ಣ ಎಡಗೈ ಎತ್ತಿ ಮೂಗು ಒರೆಸಿಕೊಂಡ. ಯಜಮಾನರು ಸೋಫಾದಿಂದ, ಯಾವ ನಿರ್ಧಾರವನ್ನೂ ಮಾಡದೆ, ಎದ್ದು ನಿಂತರು.

"ಅತ್ತೆ ಹೇಳಿದ್ದು," ಎಂದರು. ಒಂದೇ ಮನೆಯವರೋ ಏನೋ ಎಂದಿದ್ದ ನನ್ನ ಅಮ್ಮನ ಮಾತು ಅವರಿಗೂ ನೆನಪಾಗಿತ್ತು.

ಮೊಬೈಲಿನ ಚಿತ್ರಗಳನ್ನು ತೋರಿಸಿದೆ. ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದರು. ಅಮ್ಮನ ನೆನಪು ಮೂವರಿಗೂ ಒಟ್ಟಿಗೆ ಬಂದಿರಬೇಕು, ಅಣ್ಣನ ಕಣ್ಣು ಒದ್ದೆಯಾಯಿತು. ಅವನಿಗೆ ಅಂದು ಬರಲಾಗಲಿಲ್ಲ, ಅಮ್ಮನ ಮಾತು ಮಾತ್ರ ಇಂದು ಬಂದು ಅವನ ಮುಂದೆ ಕೂತಿತ್ತು. ಯಜಮಾನರು ಅವನ ಹೆಗಲ ಮೇಲೆ ಕೈಯಿಟ್ಟು, ಅವತ್ತು ಬಾಯಿ ತಪ್ಪಿತು ಭಾವ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ ಎಂದು ಮೆಲ್ಲಗೆ ಹೇಳಿದರು. ಅಣ್ಣ ತಲೆಯಾಡಿಸಿದ. ದಾವೆ ಮುಗಿಯಿತು, ಇನ್ನು ಬಿಪಿ ಸಕ್ಕರೆಗಳ ಕಾಲವೆಂದು ನಾನು ಮೀನು ಬಿಸಿಮಾಡಲು ಒಳಗೆ ಹೋದೆ. ಹಿಂದಿನಿಂದ ಯಜಮಾನರ ಧ್ವನಿ ಗ್ರಂಥಸ್ಥ ಕನ್ನಡಕ್ಕೆ ಏರುವುದು ಕೇಳಿಸಿತು.

"ಹಾಗಾದರೆ ಭಾವ, ನಿಮ್ಮ ತೋರಣ್ಣ ನಮ್ಮ ಸಪೂರಣ್ಣನನ್ನು ತಿಂದುಹಾಕಿದ್ದಾನೆ ಅಂತ ಆಯ್ತು."

"ತಿಂದದ್ದಲ್ಲ," ಎಂದ ಅಣ್ಣ. "ಹತ್ತು ವರ್ಷ ಹೊಟ್ಟೆಯೊಳಗೆ ಇಟ್ಟು ಸಾಕಿದ್ದು. ಇಲ್ಲದಿದ್ದರೆ ನಿಮ್ಮವನ ಹೆಸರು ಹೇಳುವವರು ಯಾರು?"

ಸಾರು ಆರಿತು. ಅನ್ನ ಬಡಿಸಲೇ ಎಂದು ನಾನು ಕೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ನನಗೆ ಅಷ್ಟು ಸಂತೋಷವಾದದ್ದು ಇತ್ತೀಚೆಗೆ ನೆನಪಿಲ್ಲ.

ಅಣ್ಣ ಪಾಯಸ ಉಂಡು ಹೋದ ಮೇಲೆ ಮನೆ ಸದ್ದಿಲ್ಲದಾಯಿತು. ನಾನು ಪಾತ್ರೆ ಎತ್ತಿಟ್ಟು ಹೊರಗೆ ಬಂದರೆ ಯಜಮಾನರು ಗೋಡೆಯ ಮೇಲಿನ ನಮ್ಮ ಮದುವೆಯ ಫೋಟೋದ ಎದುರು ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದರು. ಫೋಟೋದಲ್ಲಿ ಪೇಟ ಸುತ್ತಿದ ಒಬ್ಬ ಸಪೂರ ಯುವಕನಿದ್ದಾನೆ. ಧೈರ್ಯ ಸಾಲದಾದಾಗ ಎಡಗಿವಿಯನ್ನು ಹಿಡಿದು ಎಳೆಯುವುದು ಅವನ ಅಭ್ಯಾಸ, ಫೋಟೋಗ್ರಾಫರ್ ಸರಿಯಾಗಿ ಆ ಗಳಿಗೆಯಲ್ಲೇ ಗುಂಡಿ ಒತ್ತಿದ್ದಾನೆ. ಆ ಯುವಕನನ್ನು ಈ ಸೋಫಾದ ಮನುಷ್ಯನಿಗೆ ನಾನೂ ಎಷ್ಟು ಸಲ ಹೋಲಿಸಿದ್ದೇನೆ ಎಂಬುದು ನನಗೇ ಗೊತ್ತು. ಒಮ್ಮೆ ಅವನು ಗೆದ್ದದ್ದುಂಟು, ಒಮ್ಮೆ ಇವರು.

"ಇಷ್ಟು ವರ್ಷ ನೀನೇ ನ್ಯಾಯಾಧೀಶೆ ಅಲ್ವಾ," ಎಂದರು, ತಿರುಗದೆಯೇ. "ಇದಕ್ಕೊಂದು ತೀರ್ಪು ಕೊಡು ನೋಡುವ. ಇವನೋ, ನಾನೋ?"

ಜೀವಮಾನದಲ್ಲಿ ಮೊದಲ ಸಲ ನನ್ನ ತೀರ್ಪನ್ನು ಕೇಳಿದ್ದರು. ಕೊಡೋಣವೆಂದು ಬಾಯಿ ತೆರೆದೆ. ಕೇಳಿದವರ ಕೈ ಎಡಗಿವಿಯ ಮೇಲಿತ್ತು.

"ಕೂತುಕೊಳ್ಳಿ," ಎಂದೆ. "ಇಬ್ಬರಿಗೂ ಚಾ ಮಾಡ್ತೇನೆ."